ಆರು ಮಿಲಿಮೀಟರ್ ಹೆಚ್ಚು

ಹೊರಗಿನಿಂದ ಚಿಲಕ ಬಿತ್ತು.

ಒಳಗಿದ್ದ ಇಬ್ಬರೂ ಒಟ್ಟಿಗೇ ಬಾಗಿಲ ಕಡೆ ತಿರುಗಿದರು. ಸೊಸೆಯ ಕೈ ಅಭ್ಯಾಸಬಲದಿಂದ ಸೊಂಟಕ್ಕೆ ಹೋಯಿತು. ರಜೆಯ ಮೇಲಿರುವ ಸಬ್ ಇನ್ಸ್‌ಪೆಕ್ಟರಿನ ಸೊಂಟದಲ್ಲಿ ಪಿಸ್ತೂಲು ಎಲ್ಲಿಂದ ಬರಬೇಕು? ಮನೆಯ ಬೀಗದ ಕೈಗೊಂಚಲು ಸಿಕ್ಕಿತು. ಹೊರಗಿನ ಚಿಲಕವನ್ನು ಒಳಗಿನಿಂದ ತೆಗೆಯುವ ಕೀಲಿಯನ್ನು ಇನ್ನೂ ಯಾರೂ ಮಾಡಿಲ್ಲ.

"ಸಿಕ್ಕಿಬಿದ್ಯಲ್ಲ ಬಡಗಿ," ಎಂದಿತು ಬಾಗಿಲಾಚೆಯ ದನಿ. "ಕೂತಿರು ಅಲ್ಲೇ. ಸ್ಟೇಷನ್ನಿಗೆ ಫೋನ್ ಮಾಡಿದೀನಿ, ಬರ್ತಿದಾರೆ."

ಅತ್ತೆಯ ದನಿ ಅದು. ಏರಿಯೂ ಇರಲಿಲ್ಲ, ನಡುಗಿಯೂ ಇರಲಿಲ್ಲ. ಹಾಲು ಉಕ್ಕುತ್ತಿದೆ, ಒಲೆ ಆರಿಸು ಎಂದು ಹೇಳುವಾಗಲೂ ಅವರು ಹೀಗೇ ಹೇಳುವುದು.

ಮಾವ ಇದೇ ಕೋಣೆಯಲ್ಲಿ ಮಧ್ಯಾಹ್ನದ ನಿದ್ದೆಯಲ್ಲಿದ್ದಾಗ, ಅಲ್ಲಿದ್ದ ಮಾದರಿ ಇಂಜಿನ್ನಿನ ಪುಟ್ಟ ಬಾಯ್ಲರಿನ ಕೆಳಗೆ ಬರ್ನರ್ ಉರಿದು ಉರಿದು ಗಾಳಿಯೆಲ್ಲ ವಿಷವಾಗಿ ಸತ್ತರು. ಗೋಡೆಯ ಗಾಳಿಕಿಂಡಿಗೆ ಯಾರೋ ಹೊರಗಿನಿಂದ ಹಲಗೆ ಮುಚ್ಚಿದ್ದರು. ಆ ಹಲಗೆಯ ಮೇಲೆ ಮಗನ ಬೆರಳಚ್ಚು ಸಿಕ್ಕಿ ಮಗ ಲಾಕಪ್ಪಿನಲ್ಲಿದ್ದಾನೆ. ಹೊಸದಾಗಿ ಬಂದು ಕೂತವರಿಗೆ ಇಷ್ಟು ಗೊತ್ತಿದ್ದರೆ ಸಾಕು.

ಆ ಮಗ ಸೊಸೆಯ ಗಂಡ. ಅಪ್ಪನಿಗೆ ಗಾಳಿ ಸಿಗಲಿ ಅಂತ ಹಲಗೆ ಕೀಳಲು ಹೋಗಿದ್ದೆ, ಬೆರಳು ಅದಕ್ಕೇ ಬಿದ್ದಿದೆ ಎಂದು ಅವನು ಹೇಳಿದ್ದ. ಸ್ಟೇಷನ್ನಿನಲ್ಲಿ ಯಾರೂ ನಂಬಲಿಲ್ಲ. ಸೊಸೆ ನಂಬಿದಳು. ನಂಬಿದ್ದೇ ತಪ್ಪಾಯಿತೋ ಏನೋ, ನಿಮ್ಮನೆ ಕೇಸು, ನೀವು ಆ ಕಡೆ ತಲೆ ಹಾಕಿಯೂ ಮಲಗಬೇಡಿ ಎಂದು ಸಾಹೇಬರು ಅವಳಿಗೆ ರಜೆ ಕೊಟ್ಟು ಕಳಿಸಿದ್ದರು. ಅವಳು ಮಲಗಲಿಲ್ಲ. ಇವತ್ತು ಮಧ್ಯಾಹ್ನ ತನ್ನದೇ ಇಲಾಖೆಯ ಅರಗಿನ ಮೊಹರನ್ನು ಕಿತ್ತು, ಮಾವನ ಕೋಣೆಯೊಳಗೆ ಬಂದು ಕೂತು, ಮಾವನ ಹಳೆಯ ಗೆಳೆಯ ಬಡಗಿ ಮಾಮನನ್ನು ಹಿತ್ತಲ ದಾರಿಯಿಂದ ಬರಹೇಳಿದಳು.

ಬಡಗಿ ಮಾಮ ಬಂದದ್ದನ್ನು ಅತ್ತೆ ಅಡುಗೆಮನೆಯ ಕಿಟಕಿಯಿಂದ ಕಂಡಿದ್ದಾರೆ. ಸೊಸೆ ಬಂದದ್ದನ್ನು ಕಂಡಿಲ್ಲ.

"ಅತ್ತೆ, ನಾನೂ ಒಳಗಿದೀನಿ," ಎಂದಳು ಸೊಸೆ.

ಅತ್ತೆ, ನೀನ್ಯಾಕೆ ಅಲ್ಲಿಗೆ ಹೋದೆ ಎಂದು ಕೇಳಿದರು. ಸೊಸೆ, ಬಾಗಿಲು ತೆಗೆಯಿರಿ, ಎಲ್ಲ ಹೇಳುತ್ತೇನೆ ಎಂದಳು.

"ತೆಗೆದ್ರೆ ಅವನೂ ಆಚೆ ಬರ್ತಾನೆ," ಎಂದರು ಅತ್ತೆ. "ನೀನು ಪೊಲೀಸು ತಾನೆ? ಹಿಡ್ಕೊಂಡಿರು."

ಕುರ್ಚಿಯೊಂದನ್ನು ಎಳೆದು ತಂದು ಬಾಗಿಲಿಗೆ ಒತ್ತಿ ಇಟ್ಟ ಸದ್ದು, ಅದರ ಮೇಲೆ ಒಬ್ಬರು ಕೂತ ಸದ್ದು ಕೇಳಿತು. ಇನ್ನು ಸಾಕ್ಷಾತ್ ಯಮನೇ ಬಂದು ಬಾಗಿಲು ತೆಗಿ ಎಂದರೂ ಅತ್ತೆ ಏಳುವುದಿಲ್ಲವೆಂದು ಸೊಸೆಗೆ ಗೊತ್ತಿತ್ತು.

ಅವಳು ಗೋಡೆಗೆ ಒರಗಿ ಲೆಕ್ಕ ಹಾಕಿದಳು. ಕೋಣೆಗೆ ಇರುವುದೊಂದೇ ಬಾಗಿಲು. ಕಿಟಕಿಯಿಲ್ಲ. ಸೂರಿನ ಹತ್ತಿರ ಉದ್ದಕ್ಕೊಂದು ಗಾಳಿಕಿಂಡಿ, ಅದರಲ್ಲಿ ಬೆಕ್ಕು ನುಸುಳೀತು, ಮನುಷ್ಯರು ಸಾಧ್ಯವಿಲ್ಲ. ಪೊಲೀಸರು ಬಂದಾಗ ಮೊಹರು ಕಿತ್ತ ಕೋಣೆಯಲ್ಲಿ, ಶಂಕಿತನ ಜೊತೆ, ಸಾಕ್ಷ್ಯದ ವಸ್ತುಗಳ ನಡುವೆ ಆರೋಪಿಯ ಹೆಂಡತಿ ಸಿಗುತ್ತಾಳೆ. ಕೆಲಸ ಹೋಗುವುದು ಆಮೇಲಿನ ಮಾತು. ಗಂಡನ ಪರವಾಗಿ ಅವಳು ಮುಂದೆ ಏನು ಹೇಳಿದರೂ ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ. ನಾಳೆ ಬೆಳಿಗ್ಗೆ ಅವನನ್ನು ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸುತ್ತಾರೆ. ಲಾಕಪ್ಪಿನ ಸರಳಿನಾಚೆ ಅವನು ಕೇಳಿದ್ದು ಒಂದೇ ಮಾತು, ನೀನಾದ್ರೂ ನಂಬ್ತೀಯ ಅಲ್ವಾ ಅಂತ.

ಅವರು ಬರುವ ಮುಂಚೆ ಬಡಗಿ ಮಾಮನ ಬಾಯಿ ಬಿಡಿಸಬೇಕು. ಬೇರೆ ದಾರಿಯಿಲ್ಲ.

ಬಡಗಿ ಮಾಮನಿಗೆ ಆ ಅವಸರ ಏನೂ ಇದ್ದಂತಿರಲಿಲ್ಲ. ಅವರು ಕೋಣೆಯ ನಡುವಿನ ಬೆಂಚಿನ ಮುಂದೆ ಕೈಕಟ್ಟಿ ನಿಂತು ಇಂಜಿನ್ ನೋಡುತ್ತಿದ್ದರು.

ನೋಡುವಂಥದೇ ಅದು. ಊರಿಗೆಲ್ಲ ನೀರೆತ್ತುತ್ತಿದ್ದ ಹಳೆಯ ಪಂಪುಮನೆಯ ಆವಿ ಇಂಜಿನ್, ಹನ್ನೆರಡರಲ್ಲಿ ಒಂದು ಪಾಲಾಗಿ ಕುಗ್ಗಿ ಬೆಂಚಿನ ಮೇಲೆ ಕೂತಿತ್ತು. ಒಂದು ಕಡೆ ಸಿಲಿಂಡರ್, ಇನ್ನೊಂದು ಕಡೆ ಪಂಪು, ಎರಡರ ಮೇಲೂ ಏತದ ಹಾಗೆ ಏರಿಳಿಯುವ ಕಬ್ಬಿಣದ ತೊಲೆ. ಪಕ್ಕದಲ್ಲಿ ತಾಮ್ರದ ಬಾಯ್ಲರ್. ಮಾವ ಆ ಪಂಪುಮನೆಯಲ್ಲೇ ಆಯುಸ್ಸು ಕಳೆದವರು. ಅದನ್ನು ಒಡೆದು ಗುಜರಿಗೆ ಹಾಕಿದ ದಿನ ಮನೆಗೆ ಬಂದು ಊಟ ಮಾಡದೆ ಮಲಗಿದರಂತೆ, ಮಾರನೆಯ ದಿನ ಎದ್ದು ಲೋಹ ಕಡೆಯುವ ಒಂದು ಹಳೆಯ ಲೇತ್ ಕೊಂಡರಂತೆ. ಆಮೇಲೆ ವರ್ಷಗಟ್ಟಲೆ ಇದೇ ಕೋಣೆ. ಅಕ್ಕಿ ಕಾಳಿನಷ್ಟು ದೊಡ್ಡ ಬೋಲ್ಟುಗಳನ್ನೂ ತಾವೇ ಕಡೆದರು. ಪಂಪುಗಳ ಸದ್ದಿಗೆ ಕಿವಿ ಮಂದವಾಗಿದ್ದ ಮಾವನಿಗೆ ಹೆಂಡತಿ ಊಟಕ್ಕೆ ಕರೆದದ್ದು ಕೇಳುತ್ತಿರಲಿಲ್ಲ. ಲೇತಿನ ದನಿ ಒಂದು ಚೂರು ಬದಲಾದರೆ ಕೇಳುತ್ತಿತ್ತು. ಅದು ಇಂಜಿನ್ನಲ್ಲ, ನನ್ನ ಸವತಿ ಎಂದು ಅತ್ತೆ ಬಂದವರಿಗೆಲ್ಲ ಹೇಳಿ ನಗಿಸುತ್ತಿದ್ದರು. ಹೇಳುವಾಗ ತಾವು ಮಾತ್ರ ನಗುತ್ತಿರಲಿಲ್ಲ.

ಮಾವ ಕಡೆಯುವವರಾದರೆ ಬಡಗಿ ಮಾಮ ಅಚ್ಚು ಮಾಡುವವರು. ಸಿಲಿಂಡರ್, ಚಕ್ರ, ತೊಲೆ ಎಲ್ಲವನ್ನೂ ಮೊದಲು ಮರದಲ್ಲಿ ಮಾಡಿಕೊಟ್ಟರೆ, ಅದನ್ನು ಮರಳಿನಲ್ಲಿ ಒತ್ತಿ ಎರಕದವರು ಕಬ್ಬಿಣ ಹೊಯ್ಯುತ್ತಾರೆ. ಇಬ್ಬರದೂ ಒಂದೇ ಗಡಿಯಾರದ ಎರಡು ಮುಳ್ಳಿನ ಸ್ನೇಹ. ಹಾಗಿದ್ದವರು ದೊಡ್ಡ ಚಕ್ರದ ಎರಕ ಸೀಳು ಬಿಟ್ಟಾಗ, ತಪ್ಪು ಅಚ್ಚಿನದೋ ಎರಕದ್ದೋ ಎಂದು ಜಗಳವಾಡಿ ಮಾತು ಬಿಟ್ಟರು. ಮಾವ ಸತ್ತ ಮಧ್ಯಾಹ್ನ ಬಡಗಿ ಮಾಮ ಹಿತ್ತಲ ಓಣಿಯಲ್ಲಿ ಓಡಾಡಿದ್ದನ್ನು ಪಕ್ಕದ ಮನೆಯವರು ನೋಡಿದ್ದರು.

"ರಾಜಿ ಮಾಡ್ಕೊಳ್ಳೋಕೆ ಬಂದಿದ್ದೆ," ಎಂದರು ಬಡಗಿ ಮಾಮ, ಅವಳು ಕೇಳಿದ್ದಕ್ಕೆ. "ಬಾಗಿಲ ತನಕ ಬಂದೆ. ಅವನೇ ಮೊದಲು ಮಾತಾಡ್ಲಿ ಅನ್ನಿಸ್ತು. ವಾಪಸ್ ಹೋದೆ."

ಅವರ ದನಿಯಲ್ಲಿ ಅಹಂಕಾರವೂ ಇತ್ತು, ಆ ಅಹಂಕಾರದ ಮೇಲಿನ ಸಿಟ್ಟೂ ಇತ್ತು.

ಸೊಸೆ ಬೆಂಚಿನ ತುದಿಯಲ್ಲಿ ಚೀಟಿ ಕಟ್ಟಿಸಿಕೊಂಡು ಬಿದ್ದಿದ್ದ ಹಲಗೆಯನ್ನು ಎತ್ತಿದಳು. ಹಿತ್ತಲ ಗೋಡೆಯ ಬೂದು ಬಣ್ಣವನ್ನೇ ಅದಕ್ಕೂ ಬಳಿದಿದ್ದರು, ಯಾರ ಕಣ್ಣಿಗೂ ಬೀಳದಿರಲಿ ಅಂತ. ಗಂಡನ ಬೆರಳಚ್ಚಿನ ಸುತ್ತ ಪೊಲೀಸರು ಸೀಮೆಸುಣ್ಣದಲ್ಲಿ ಸುತ್ತು ಬರೆದಿದ್ದರು. ಇಂಜಿನ್ ಜೊತೆ ಒಟ್ಟಿಗೆ ಸಾಗಿಸೋಣವೆಂದು ಹಲಗೆಯನ್ನು ಇಲ್ಲೇ ಬಿಟ್ಟಿದ್ದರು. ಬೆರಳಚ್ಚು ಸಿಕ್ಕಮೇಲೆ ಅದನ್ನು ಅಳೆದು ನೋಡುವ ಗೊಡವೆಗೆ ಯಾರೂ ಹೋಗಿರಲಿಲ್ಲ.

ಅವಳು ಹೋಗಿದ್ದಳು, ಮೊಹರು ಬೀಳುವ ಮೊದಲೇ.

"ಕಿಂಡಿಯ ಚೌಕಟ್ಟು ಆರುನೂರು ಮಿಲಿಮೀಟರ್ ಉದ್ದ," ಎಂದಳು. "ಹಲಗೆ ಆರುನೂರಾ ಆರು. ಅದಕ್ಕೇ ಕೂತಿಲ್ಲ. ಚೌಕಟ್ಟಿನ ತುದಿ ಕೆತ್ತಿ ಜಾಗ ಮಾಡಿದಾರೆ. ನೋಡಿ, ಅಲ್ಲಿ ಮರ ಇನ್ನೂ ಬೆಳ್ಳಗಿದೆ."

ಬಡಗಿ ಮಾಮ ತಲೆಯೆತ್ತಿ ಕಿಂಡಿ ನೋಡಿದರು. ಅಳತೆ ತಪ್ಪುವುದು ಯಾರಿಗಾದರೂ ಸಹಜ ಎಂದರು.

"ತಪ್ಪಿದ್ರೆ ಹೇಗೆ ಬೇಕಾದರೂ ತಪ್ಪಬಹುದಿತ್ತು. ಇದು ನೂರಕ್ಕೆ ಸರಿಯಾಗಿ ಒಂದರಂತೆ ತಪ್ಪಿದೆ."

ಅವಳು ಬೆಂಚಿನಿಂದ ಎರಡು ಉಕ್ಕಿನ ಅಳತೆಪಟ್ಟಿ ತೆಗೆದು ಅಕ್ಕಪಕ್ಕ ಇಟ್ಟಳು. ಮೊದಲ ಗೆರೆಗಳು ಒಂದಕ್ಕೊಂದು ಕೂಡಿದವು. ಮುಂದೆ ಹೋದಂತೆ ಒಂದು ಪಟ್ಟಿಯ ಗೆರೆಗಳು ಹಿಂದೆ ಬೀಳುತ್ತ ಹೋದವು. ಒಂದರಲ್ಲಿ ಆರುನೂರು ಎಂದಿದ್ದ ಕಡೆ ಇನ್ನೊಂದು ಆರುನೂರಾ ಆರನ್ನು ತೋರಿಸುತ್ತಿತ್ತು.

ಕಾದ ಕಬ್ಬಿಣ ಆರುವಾಗ ಕುಗ್ಗುತ್ತದೆ. ಹಾಗಾಗಿ ಮರದ ಅಚ್ಚನ್ನು ಆ ಕುಗ್ಗುವಷ್ಟು ದೊಡ್ಡದಾಗಿಯೇ ಮಾಡಬೇಕು. ಪ್ರತಿಸಲ ಲೆಕ್ಕ ಹಾಕುವ ತಲೆನೋವು ಬೇಡವೆಂದು ಅಚ್ಚಿನ ಬಡಗಿಗಳು ಇಂಥದೊಂದು ಪಟ್ಟಿ ಇಟ್ಟುಕೊಳ್ಳುತ್ತಾರೆ. ಅದರ ಒಂದೊಂದು ಮಿಲಿಮೀಟರೂ ಮಾಮೂಲಿ ಮಿಲಿಮೀಟರಿಗಿಂತ ಒಂದು ಕೂದಲೆಳೆ ಉದ್ದ. ಇದನ್ನು ಅವಳಿಗೆ ಹೇಳಿಕೊಟ್ಟಿದ್ದು ಎರಕದ ಕಾರ್ಖಾನೆಯವನು, ನಿನ್ನೆ ತಾನೆ.

"ಈ ಪಟ್ಟಿ ಯಾರದು?" ಎಂದು ಕೇಳಿದಳು.

"ನನ್ನದು."

"ಈ ಊರಲ್ಲಿ ಇನ್ಯಾರ ಹತ್ರ ಇದೆ?"

"ಯಾರ ಹತ್ರಾನೂ ಇಲ್ಲ."

"ಹಾಗಿದ್ರೆ ಈ ಹಲಗೆ ಕೊಯ್ದೋರು ಯಾರು?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಬಡಗಿ ಮಾಮ ಹೆಗಲು ಮುಟ್ಟಲಿಲ್ಲ. ಅವರ ಮುಖದಲ್ಲಿ ಭಯಕ್ಕೆ ಬದಲು ಅವಮಾನ ಕಾಣಿಸಿತು. ತನ್ನನ್ನು ಕೊಲೆಗಾರ ಎಂದದ್ದಕ್ಕಲ್ಲ, ಆ ಹಲಗೆ ತನ್ನ ಕೈಯದು ಎಂದದ್ದಕ್ಕೆ.

"ನಾನು? ಆ ಪಟ್ಟಿ ಹಿಡಿದು ಹಲಗೆ ಅಳೀತೀನಾ? ಡಾಕ್ಟರು ಸೌಟಲ್ಲಿ ಔಷಧಿ ಅಳೀತಾನೇನಮ್ಮ? ನನ್ನ ಕೈಗೆ ಅದು ಬಂದ್ರೆ ಅಚ್ಚಿಗೆ ಮಾತ್ರ. ಕಣ್ಣು ಕಟ್ಟಿ ಕೊಟ್ರೂ ಯಾವ ಪಟ್ಟಿ ಅಂತ ಹೇಳ್ತೀನಿ. ಜಗಳ ಆದ ದಿನ ಸಿಟ್ಟಲ್ಲಿ ಇಲ್ಲೇ ಬಿಟ್ಟುಹೋದೆ, ವಾಪಸ್ ಕೇಳೋಕೆ ಬಿಗುಮಾನ. ಗೊತ್ತಿಲ್ಲದೋರು ಯಾರೋ ಬೆಂಚಿನ ಮೇಲೆ ಹತ್ರ ಸಿಕ್ಕಿದ್ದು ಅಂತ ಎತ್ಕೊಂಡಿದಾರೆ. ಗೊತ್ತಿದ್ದೋರು ಈ ತಪ್ಪು ಮಾಡೋಲ್ಲ."

ನಿನ್ನೆಯಿಂದ ಈ ಆರು ಮಿಲಿಮೀಟರನ್ನು ಅವಳು ಗಂಟುಕಟ್ಟಿ ಇಟ್ಟುಕೊಂಡಿದ್ದಳು. ಬಡಗಿಯ ಪಟ್ಟಿ ಬಡಗಿಯನ್ನೇ ತೋರಿಸುತ್ತದೆ ಎಂದುಕೊಂಡಿದ್ದು, ಬಡಗಿಯನ್ನು ಬಿಟ್ಟು ಉಳಿದವರನ್ನೆಲ್ಲ ತೋರಿಸುತ್ತಿತ್ತು. ಮನೆಗೆ ಬಂದುಹೋಗುವವರು ಯಾರು? ಕೈಬೆರಳಲ್ಲಿ ಎಣಿಸಿದರೂ ಬೆರಳು ಉಳಿಯುತ್ತಿತ್ತು. ಆ ಕೈಯಲ್ಲಿ ಗಂಡನೂ ಒಂದು ಬೆರಳು.

ಸೋಲೊಪ್ಪಿಕೊಳ್ಳುವ ಜಾಯಮಾನ ಅವಳದಲ್ಲ. ಇನ್ನೊಂದು ಬಲೆ ಉಳಿದಿತ್ತು, ಅದನ್ನೂ ಬೀಸಿದಳು.

"ಸರಿ ಮಾಮ, ಬಿಡಿ. ಪೊಲೀಸರು ಬರೋ ತನಕ ಈ ಇಂಜಿನ್ ಒಂದ್ಸಲ ಓಡಿಸಿ ತೋರಿಸ್ತೀರಾ? ಬಾಯ್ಲರಲ್ಲಿ ನೀರಿದೆ. ಬರ್ನರ್ ಹಚ್ಚಿ."

ಬಡಗಿ ಮಾಮ ಬಗ್ಗಿ, ಸಿಲಿಂಡರಿನ ತಲೆಯ ಮೇಲೆ ಪಿಸ್ಟನ್ ದಂಡ ಹೊರಬರುವ ಕತ್ತಿನ ಹತ್ತಿರ ಬೆರಳಿಟ್ಟರು. ಅಲ್ಲಿನ ನಟ್ಟು ಬೆರಳಿಗೇ ತಿರುಗಿತು. ಅವರು ಅದನ್ನು ಎತ್ತಿ, ಒಳಗೆ ನೋಡಿ, ಮತ್ತೆ ಕೂರಿಸಿದರು.

"ಹುಚ್ಚಾ ನಿನಗೆ? ಕತ್ತಿಗೆ ನೂಲೇ ತುಂಬಿಲ್ಲ. ಆವಿ ಬಿಟ್ರೆ ಎಲ್ಲಾ ಇಲ್ಲೇ ಸೋರಿ ಕೈ ಬೆಂದುಹೋಗತ್ತೆ. ಹೊಸ ಇಂಜಿನ್ನನ್ನ ಮೊದಲು ಬರೀ ಗಾಳಿಯಲ್ಲಿ ಓಡಿಸಿ ಪಳಗಿಸ್ಬೇಕು. ಆವಿ ಆಮೇಲೆ."

ಅವರು ಹೇಳಿದ್ದು ಮಾವ ಹೇಳುತ್ತಿದ್ದ ಮಾತೇ, ಮೊದಲು ಗಾಳಿ ಆಮೇಲೆ ಆವಿ. ನೂಲಿಲ್ಲದ ಇಂಜಿನ್ನಿಗೆ ಮಾವ ಬರ್ನರ್ ಹಚ್ಚುವ ಪ್ರಶ್ನೆಯೇ ಇರಲಿಲ್ಲ. ಹಚ್ಚಿದವರಿಗೆ ಇದು ಗೊತ್ತಿರಲಿಲ್ಲ; ಮುದುಕ ಇಂಜಿನ್ ಓಡಿಸುತ್ತ ಹಾಗೇ ನಿದ್ದೆ ಹೋದ ಎಂದು ಲೋಕ ನಂಬಲಿ ಅಂದುಕೊಂಡರು. ಬಡಗಿ ಮಾಮನೇ ಹಚ್ಚಿದ್ದಿದ್ದರೆ ಮೊದಲು ನೂಲು ತುಂಬುತ್ತಿದ್ದರು. ಬೀಸಿದ ಬಲೆಯಲ್ಲಿ ಮೀನು ಬೀಳಲಿಲ್ಲ, ಬಲೆ ಮಾತ್ರ ಹರಿಯಿತು.

ಈ ಮನುಷ್ಯ ಕೊಂದಿಲ್ಲ. ಅವಳಿಗೆ ಸಮಾಧಾನವಾಗಬೇಕಿತ್ತು, ಅವಳು ಉಳಿದ ಬೆರಳುಗಳನ್ನು ಮತ್ತೆ ಎಣಿಸಿದಳು.

ಬಡಗಿ ಮಾಮ ಮೂಲೆಯ ಕಂಪ್ರೆಸರಿನ ಮುಳ್ಳು ನೋಡುತ್ತಿದ್ದರು. ಟ್ಯಾಂಕಿನಲ್ಲಿ ಇನ್ನೂ ಸ್ವಲ್ಪ ಗಾಳಿ ಉಳಿದಿತ್ತು. ಮಾವ ತುಂಬಿಟ್ಟ ಗಾಳಿ.

"ಅವನು ಓಡಿಸಿ ನೋಡಿದ್ನೋ ಇಲ್ವೋ," ಎಂದು ತಮ್ಮಷ್ಟಕ್ಕೆ ಗೊಣಗಿ, ಅವಳನ್ನು ಕೇಳದೆಯೇ ನಳಿಗೆ ಸಿಕ್ಕಿಸಿ ಕವಾಟ ತಿರುಗಿಸಿದರು.

ಮೊದಲು ಏನೂ ಆಗಲಿಲ್ಲ. ಆಮೇಲೆ ಚಕ್ರ ಒಂದು ಸಲ ಹಿಂದೆ ಮುಂದೆ ತೂಗಿ, ಮನಸ್ಸು ಮಾಡಿದಂತೆ ಸುತ್ತಿತು. ತೊಲೆ ಒಂದು ಕಡೆ ಬಾಗಿ ಇನ್ನೊಂದು ಕಡೆ ಎದ್ದಿತು. ಸಿಲಿಂಡರಿನ ಕತ್ತಿನಿಂದ ಗಾಳಿ ಸುಯ್ ಎಂದು ಸೋರುತ್ತಿದ್ದರೂ ಇಂಜಿನ್ ನಿಲ್ಲಲಿಲ್ಲ. ಪುಟ್ಟ ಪಂಪು ಕೆಳಗಿನ ಹಿತ್ತಾಳೆ ತೊಟ್ಟಿಯಿಂದ ನೀರು ಹೀರಿ ಮೇಲಿನ ತೊಟ್ಟಿಗೆ ಸುರಿಯತೊಡಗಿತು, ಒಂದೊಂದು ಏಟಿಗೆ ಒಂದೊಂದು ಚಮಚದಷ್ಟು.

ಬಡಗಿ ಮಾಮ ಅತ್ತರು. ಮುಚ್ಚಿಟ್ಟುಕೊಳ್ಳಲಿಲ್ಲ, ಒರೆಸಿಕೊಳ್ಳಲೂ ಇಲ್ಲ. ಎರಡನೇ ಸಲ ಹೊಯ್ಸಿದ ಚಕ್ರ ಸರಿಯಾಗೇ ಇದೆಯಲ್ಲೋ, ಇದಕ್ಕೋಸ್ಕರ ಜಗಳ ಆಡಿದೆವಲ್ಲೋ ಎಂದು ಸತ್ತವರನ್ನೇ ಕೇಳಿದರು. ಸೊಸೆಗೂ ಕಣ್ಣು ತುಂಬಿತು. ಮಾವ ಅವಳನ್ನು ಒಂದು ದಿನವೂ ಹೊರಗಿನವಳೆಂದು ನೋಡಿದವರಲ್ಲ. ಸೊಸೆ ಪೊಲೀಸು ಎಂದು ಬೀದಿಯಲ್ಲೆಲ್ಲ ಹೇಳಿಕೊಂಡು ತಿರುಗಿದವರು.

"ನಿಲ್ಲಿಸು ಅದನ್ನ," ಎಂದಿತು ಬಾಗಿಲಾಚೆಯ ದನಿ.

ಈ ಸಲ ದನಿ ನಡುಗಿತ್ತು. ಬಡಗಿ ಮಾಮ ಕವಾಟ ಮುಚ್ಚಿದರು. ತೊಲೆ ಅರ್ಧದಲ್ಲಿ ನಿಂತಿತು.

"ಸತ್ತ ಮೇಲೂ ಬಿಡೋಲ್ಲವಲ್ಲ," ಎಂದರು ಅತ್ತೆ. ಯಾರಿಗೆ ಹೇಳಿದರೋ ತಿಳಿಯಲಿಲ್ಲ.

ಸೊಸೆ ಬಾಗಿಲನ್ನು ದಿಟ್ಟಿಸಿದಳು. ಅವಳ ತಲೆಯಲ್ಲಿ ಏನೋ ಒಂದು ಸುಳಿಯಿತು. ಛೇ, ಅತ್ತೆಯ ದುಃಖ ಅದು ಎಂದು ಅದನ್ನು ತಳ್ಳಿಬಿಟ್ಟಳು. ಕೈತಪ್ಪಿ ಹೋದ ಗಂಡನ ಆಯುಸ್ಸೆಲ್ಲ ಆ ಬೆಂಚಿನ ಮೇಲಿದ್ದರೆ ಯಾವ ಹೆಂಡತಿ ತಾನೆ ಅದರ ಸದ್ದು ಸಹಿಸಿಯಾಳು?

ಅಷ್ಟರಲ್ಲಿ ಬಡಗಿ ಮಾಮ ಹಲಗೆಯನ್ನು ಕಿಂಡಿಯ ಬೆಳಕಿಗೆ ಹಿಡಿದಿದ್ದರು. ತಮ್ಮ ಮಾನ ಹೋಗಿತ್ತಲ್ಲ, ಅದನ್ನು ವಾಪಸ್ ಪಡೆಯುವ ಹುರುಪು ಅವರಿಗೆ.

"ನನ್ನ ಕೈಯಂತೆ ಇದು, ನನ್ನ ಕೈ. ನೋಡಿಲ್ಲಿ. ಗರಗಸ ಕೊನೆ ಮುಟ್ಟೋ ಹೊತ್ತಿಗೆ ತುಂಡನ್ನ ಇನ್ನೊಂದು ಕೈಲಿ ಆನಿಸ್ಕೋಬೇಕು. ಆನಿಸಿಲ್ಲ. ತುಂಡು ತಾನಾಗಿ ಮುರಿದು ಬಿದ್ದು ಮೂಲೆ ಸಿಗಿದಿದೆ. ಜೀವಮಾನದಲ್ಲಿ ಮರ ಕೊಯ್ದೋರಲ್ಲ ಇವರು."

ಬೂದು ಬಣ್ಣದ ಕೆಳಗೆ ಸಿಗಿದ ಮೂಲೆಯನ್ನು ಅವಳೂ ಕಂಡಳು. ಬಡಗಿ ಮಾಮ ಬೆಂಚಿನಿಂದ ಉಳಿಯೊಂದನ್ನು ತೆಗೆದುಕೊಂಡು, ಕೊಯ್ದ ಅಂಚಿನ ಪಕ್ಕದಲ್ಲಿ ಬಣ್ಣವನ್ನು ನಾಜೂಕಾಗಿ ಕೆರೆಯತೊಡಗಿದರು. ಸಾಕ್ಷ್ಯ ಮುಟ್ಟಬೇಡಿ ಎಂದು ಅವಳು ಹೇಳುವುದರೊಳಗೆ ಬೆರಳುದ್ದದ ಬಣ್ಣ ಎದ್ದುಹೋಗಿತ್ತು.

"ಗೆರೆ ಎಳೆದಿರೋದು ನೋಡು. ಪೆನ್ಸಿಲಲ್ಲ, ಇಂಕಿನದು. ಅದೂ ನೇರಳೆ. ಯಾವನಮ್ಮ ಮರದ ಮೇಲೆ ನೇರಳೆ ಇಂಕಲ್ಲಿ ಗೆರೆ ಎಳೆಯೋನು?"

ಅವರು ನಗುತ್ತ ಅವಳ ಕಡೆ ನೋಡಿದರು. ನೋಡಿದವರು ನಗು ನಿಲ್ಲಿಸಿದರು.

ಸೊಸೆ ಬೆಂಚು ಹಿಡಿದುಕೊಂಡಿದ್ದಳು. ಸಾಕ್ಷ್ಯದ ಚೀಲಗಳ ಮೇಲೆ ಗುರುತು ಹಾಕಲು ಅವಳು ಇಟ್ಟುಕೊಳ್ಳುವುದು ನೇರಳೆ ಮಾರ್ಕರ್. ಒರೆಸಿದರೆ ಹೋಗುವುದಿಲ್ಲ, ಬೇರೆಯವರ ಗುರುತಿನೊಂದಿಗೆ ಕಲೆಯುವುದಿಲ್ಲ. ಸ್ಟೇಷನ್ನಿನಲ್ಲಿ ಅದನ್ನು ಇಟ್ಟುಕೊಂಡವಳು ಅವಳೊಬ್ಬಳೇ. ಆ ಬಣ್ಣ ಕಂಡರೆ ಅಲ್ಲಿನ ಟೀ ತರುವವನೂ ಅವಳ ಹೆಸರು ಹೇಳುತ್ತಾನೆ.

ಆ ಭಾನುವಾರ ಅವಳಿಗೆ ಇಡಿಯಾಗಿ ನೆನಪಾಯಿತು. ಉಗ್ರಾಣದಲ್ಲಿ ಡಬ್ಬಿ ಇಡಲು ಒಂದು ಹಲಗೆ ಬೇಕು, ನಿನ್ನ ಮಾವನಿಗೆ ಹೇಳಿದರೆ ಮುಂದಿನ ವರ್ಷ ಮಾಡಿಕೊಡುತ್ತಾರೆ, ನೀನೇ ಒಂದಿಷ್ಟು ಕೊಯ್ದುಕೊಡು ಎಂದಿದ್ದರು ಅತ್ತೆ. ಮಾವ ಇದೇ ಕೋಣೆಯ ಮೂಲೆಯ ಮಂಚದಲ್ಲಿ ಗೊರಕೆ ಹೊಡೆಯುತ್ತಿದ್ದರು. ಅವಳು ಬೆಕ್ಕಿನ ಹೆಜ್ಜೆಯಲ್ಲಿ ಒಳಗೆ ಬಂದು, ಬೆಂಚಿನ ಮೇಲೆ ಕೈಗೆ ಸಿಕ್ಕಿದ ಪಟ್ಟಿಯಲ್ಲಿ ಅಳೆದು, ಪೆನ್ಸಿಲು ಹುಡುಕಲು ಬೇಜಾರಾಗಿ ಮಾರ್ಕರಿನಲ್ಲಿ ಗೆರೆ ಎಳೆದು, ಕೊಯ್ದಿದ್ದಳು. ಕೊನೆಯಲ್ಲಿ ತುಂಡು ಪಟ್ಟನೆ ಮುರಿದು ಕಾಲ ಮೇಲೆ ಬಿದ್ದಿತ್ತು. ಅಂದಗೆಟ್ಟ ಕೆಲಸಕ್ಕೆ ತಾನೇ ನಕ್ಕು, ಹಲಗೆ ಕೊಟ್ಟು ಡ್ಯೂಟಿಗೆ ಓಡಿದ್ದಳು. ಆಮೇಲೆ ಅದನ್ನು ಮರೆತೇಬಿಟ್ಟಳು. ಉಗ್ರಾಣಕ್ಕೆ ಅವಳು ಹೋಗುವುದೇ ಅಪರೂಪ.

ಮಾವನ ಉಸಿರು ಕಟ್ಟಿಸಿದ ಹಲಗೆಯನ್ನು ಕೊಯ್ದುಕೊಟ್ಟವಳು ತಾನೇ. ಅವಳಿಗೆ ಕೋಣೆಯ ಗಾಳಿ ಸಾಲದೆಂಬಂತಾಯಿತು, ಕಿಂಡಿ ತೆರೆದೇ ಇದ್ದರೂ.

ಇನ್ನೊಂದು ನೆನಪು ಅದರ ಹಿಂದೆಯೇ ಬಂತು. ಅತ್ತೆಯ ಬಾಯಲ್ಲಿ ಗೇಣು, ಮೊಳ ಬಿಟ್ಟು ಬೇರೆ ಅಳತೆ ಬಂದದ್ದೇ ಇಲ್ಲ. ಪರದೆಯ ಬಟ್ಟೆಗೂ ಮೊಳ, ಮೇಜಿಗೂ ಗೇಣು. ಆ ಭಾನುವಾರ ಮಾತ್ರ ಅವರು ಆರುನೂರು ಮಿಲಿಮೀಟರ್, ಒಂದು ಚೂರೂ ಕಡಿಮೆಯಾಗಬಾರದು ಎಂದಿದ್ದರು. ಡಬ್ಬಿ ಇಡುವ ಹಲಗೆಗೆ ಅಷ್ಟು ಕರಾರುವಾಕ್ಕು ಯಾಕೆ ಎಂದು ಅವತ್ತು ಪತ್ತೇದಾರಿ ಸೊಸೆಗೆ ಹೊಳೆಯಲಿಲ್ಲ. ಆ ಸಂಖ್ಯೆ ಅತ್ತೆಯದೋ, ಅತ್ತೆಗೆ ಬೇರೆಯವರು ಹೇಳಿಕೊಟ್ಟದ್ದೋ?

ಅವಳ ಮುಖ ನೋಡಿಯೇ ಬಡಗಿ ಮಾಮನಿಗೆ ಗೆರೆ ಎಳೆದವರು ಯಾರೆಂದು ಗೊತ್ತಾಗಿತ್ತು. ಅವರು ಉಳಿಯನ್ನು ಇದ್ದ ಜಾಗದಲ್ಲೇ ಇಟ್ಟು, ಹಲಗೆಯನ್ನು ಎರಡೂ ಕೈಯಲ್ಲಿ ಎದೆಗವಚಿ ಹಿಡಿದು, ಅವಳಿಂದ ಒಂದು ಹೆಜ್ಜೆ ದೂರ ಸರಿದರು.

ಅತ್ತ ದರಿ, ಇತ್ತ ಪುಲಿ. ಬಡಗಿ ಮಾಮ ತಪ್ಪಿತಸ್ಥರಲ್ಲವೆಂದು ತೋರಿಸುವ ಗೆರೆ ಅವಳ ಕೈಯದು. ಗಂಡನನ್ನು ಬಿಡಿಸಬೇಕಾದರೆ ಈ ಗೆರೆಯನ್ನು ಸಾಹೇಬರ ಮುಂದೆ ಇಡಬೇಕು. ಇಟ್ಟರೆ ಗಂಡನ ಜಾಗದಲ್ಲಿ ತಾನು ಕೂರಬೇಕು, ಇಲ್ಲವೆ ಅವನ ಅಮ್ಮನನ್ನು ಕೂರಿಸಬೇಕು. ಅಮ್ಮನನ್ನು ಅಲ್ಲಿ ಕೂರಿಸಿ ತಾನು ಮನೆಗೆ ಕರೆತಂದರೆ ಗಂಡ ತನ್ನ ಮುಖ ನೋಡುತ್ತಾನೆಯೇ? ಅಷ್ಟಕ್ಕೂ ಅತ್ತೆ ಕೇಳಿದ್ದಕ್ಕೆ ಕೊಯ್ದೆ ಎಂದರೆ ನಂಬುವವರು ಯಾರು? ಅವತ್ತು ಮನೆಯಲ್ಲಿದ್ದ ಮೂರನೆಯವರು ಗೊರಕೆ ಹೊಡೆಯುತ್ತಿದ್ದವರು, ಈಗ ಇಲ್ಲ.

ಅವಳು ಬಾಗಿಲ ಹತ್ತಿರ ಹೋಗಿ ಹಣೆಯನ್ನು ಮರಕ್ಕೆ ಒತ್ತಿದಳು. ಆಚೆ ಕುರ್ಚಿಯಲ್ಲಿ ಕೂತವರ ಉಸಿರಾಟ ಕೇಳುವಷ್ಟು ಹತ್ತಿರ.

"ಅತ್ತೆ. ಉಗ್ರಾಣಕ್ಕೆ ಅಂತ ನಾನು ಕೊಯ್ದುಕೊಟ್ಟ ಹಲಗೆ ಎಲ್ಲಿ ಹೋಯ್ತು?"

ಕುರ್ಚಿ ಕಿರುಗುಟ್ಟಿತು. ಮನೆಯ ಮುಂದುಗಡೆ ಎಲ್ಲೋ ಗಾಡಿಯೊಂದು ನಿಂತು, ಅದರ ಬಾಗಿಲುಗಳು ಒಂದಾದ ಮೇಲೊಂದು ಬಡಿದುಕೊಂಡವು.

"ಕೊಯ್ದದ್ದು ನೀನು ಅಂತ ನಾನು ಯಾರಿಗೂ ಹೇಳಿಲ್ಲಮ್ಮ," ಎಂದರು ಅತ್ತೆ. ದನಿ ಮತ್ತೆ ಮೊದಲಿನಂತೆ ಸಮವಾಗಿತ್ತು. "ಇವತ್ತಿನ ತನಕ ಹೇಳಿಲ್ಲ."

"ಯಾರಿಗೋಸ್ಕರ ಕೇಳಿದ್ರಿ ಅದನ್ನ?"

ಅಂಗಳದಲ್ಲಿ ಬೂಟುಗಳ ಸದ್ದು ಕೇಳಿಸಿತು. ಸಾಹೇಬರ ಕೆಮ್ಮು ಅವಳಿಗೆ ಗುರುತು ಸಿಕ್ಕಿತು. ಕುರ್ಚಿಯನ್ನು ಪಕ್ಕಕ್ಕೆ ಸರಿಸಿ ಅತ್ತೆ ಎದ್ದು ನಿಂತರು, ಅವರ ಕೈ ಚಿಲಕದ ಮೇಲೆ ಬಿತ್ತು. ಆದರೆ ಅದನ್ನು ಎಳೆಯಲಿಲ್ಲ. ಬಾಗಿಲ ಸಂದಿಗೆ ಬಾಯಿಟ್ಟು, ಅವಳಿಗೆ ಮಾತ್ರ ಕೇಳುವಂತೆ ಮಾತಾಡಿದರು.

"ಬಂದ್ರು. ಬೇಗ ಹೇಳು. ಕೊಂದೋನು ಬಡಗಿ ಅಂತ ಹೇಳ್ಲಾ, ನೀನು ಅಂತ ಹೇಳ್ಲಾ? ಯಾವುದು ಹೇಳಿದ್ರೂ ನನ್ನ ಮಗ ಮನೆಗೆ ಬರ್ತಾನೆ."